ಕತ್ತರಿ ಆಡಿಸಿದ ರೋಮನ್ ಬೆಳ್ಳಿ

ಸಂಪಾದಕರಿಗೆ,

ಮಾನ್ಯರೆ,

ರೋಮನ್ ಬೆಳ್ಳಿ ನಾಣ್ಯದ ಚಿತ್ರ ನಮ್ಮ ಪತ್ರಿಕೆಗಳಲ್ಲಿ ಬಂದರೆ ಕೆಳಗೆ ‘ದಿನಾರಿಯಸ್’ ಎಂದೇ ಬರೆಯುವುದು ರೂಢಿಯಾಗಿದೆ. ನಾಣ್ಯ ತೆಳ್ಳಗಿದ್ದು ಸುತ್ತಲಿನ ಅಕ್ಷರ ಕಾಣದಿದ್ದರೆ ‘ಅಂಚು ಸವೆದಿದೆ’ ಎಂಬ ಮಾತೂ ಜೊತೆಗೂಡುತ್ತದೆ. 4ನೇ ಶತಮಾನದ ಬೆಳ್ಳಿಯ ಮಟ್ಟಿಗೆ ಈ ಎರಡೂ ತಪ್ಪು. ಆ ಹೊತ್ತಿಗೆ ದಿನಾರಿಯಸ್ ಎಂಬ ಹಳೆಯ ಬೆಳ್ಳಿ ನಾಣ್ಯ ಅಚ್ಚಾಗುವುದು ನಿಂತು ಬಹಳ ಕಾಲವಾಗಿತ್ತು. ಇನ್ನು ಅಂಚಿನ ವಿಷಯ. ಬ್ರಿಟನ್ನಿನ ನೆಲದಲ್ಲಿ ಸಿಕ್ಕ ನಾಣ್ಯವಾದರೆ ಅದರ ಅಂಚನ್ನು ಯಾರೋ ಕತ್ತರಿ ಹಿಡಿದು ತೆಗೆದಿರುವ ಸಾಧ್ಯತೆಯೇ ಹೆಚ್ಚು. ಸವೆತ ಬೇರೆ, ಕತ್ತರಿ ಬೇರೆ. ಈಗ ಆನ್‌ಲೈನಿನಲ್ಲಿ ಇಂಥ ಪುಟ್ಟ ಬೆಳ್ಳಿ ನಾಣ್ಯಗಳನ್ನು ನೋಡುವ, ಕೊಳ್ಳುವ ಕನ್ನಡಿಗರೂ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಹೆಸರು. ಸಂಗ್ರಾಹಕರು ಈ ನಾಣ್ಯವನ್ನು ‘ಸಿಲಿಕ್ವಾ’ ಎನ್ನುತ್ತಾರೆ. ಅದು ಈಚಿನವರು ಅಂಟಿಸಿದ ಹೆಸರು. ರೋಮನ್ನರಿಗೆ ಸಿಲಿಕ್ವಾ ಎಂದರೆ ಕ್ಯಾರಬ್ ಮರದ ಬೀಜ, ಆ ಬೀಜದ ತೂಕ. ನಮ್ಮ ಅಕ್ಕಸಾಲಿಗರಿಗೆ ಗುಲಗಂಜಿ ಹೇಗೋ ಅವರಿಗೆ ಅದು ಹಾಗೆ. ಗುಲಗಂಜಿ ಸುಮಾರು 0.12 ಗ್ರಾಂ ತೂಗಿದರೆ ಸಿಲಿಕ್ವಾ ಸುಮಾರು 0.19 ಗ್ರಾಂ. ಚಕ್ರವರ್ತಿ ಕಾನ್‌ಸ್ಟಂಟೈನ್ ತಂದ ಚಿನ್ನದ ನಾಣ್ಯ ಸಾಲಿಡಸ್‌ನಲ್ಲಿ ಇಂಥ 24 ಸಿಲಿಕ್ವಾ ಚಿನ್ನವಿತ್ತು. ಗ್ರೀಕಿನಲ್ಲಿ ಈ ಬೀಜಕ್ಕೆ ‘ಕೆರಾಟಿಯನ್’ ಎಂದು ಹೆಸರು. ‘ಕ್ಯಾರೆಟ್’ ಹುಟ್ಟಿದ್ದು ಆ ಮಾತಿನಿಂದ. ಆಭರಣದಂಗಡಿಯಲ್ಲಿ 24 ಕ್ಯಾರೆಟ್ ಎನ್ನುವಾಗ ನಾವು ಎಣಿಸುತ್ತಿರುವುದು ಆ ಹಳೆಯ ಬೀಜಗಳನ್ನೇ.

ತೂಕದ ಲೆಕ್ಕ ತಿಳಿಯದೆ ಈ ನಾಣ್ಯಗಳ ಸಹವಾಸವೇ ಬೇಡ. ರೋಮನ್ ಪೌಂಡ್ ಸುಮಾರು 325 ಗ್ರಾಂ. 294ರ ಸುಮಾರಿಗೆ ಚಕ್ರವರ್ತಿ ಡಯೊಕ್ಲೀಷಿಯನ್ ಒಂದು ಪೌಂಡಿಗೆ 96ರಂತೆ ಒಳ್ಳೆಯ ಬೆಳ್ಳಿಯಲ್ಲಿ ಅರ್ಜೆಂಟಿಯಸ್ ನಾಣ್ಯ ಹೊರಡಿಸಿದ. ಕೆಲವು ನಾಣ್ಯಗಳ ಹಿಂಬದಿಯಲ್ಲಿ 96 ಎಂಬ ರೋಮನ್ ಅಂಕಿಯನ್ನೇ ಕೆತ್ತಿದ್ದಾರೆ. ಒಂದರ ತೂಕ 3.4 ಗ್ರಾಂ ಆಸುಪಾಸು. ಕಾನ್‌ಸ್ಟಂಟೈನನ ಕೊನೆಗಾಲದ ಬೆಳ್ಳಿಯೂ ಹೆಚ್ಚುಕಡಿಮೆ ಇದೇ ತೂಕದಲ್ಲಿ ಶುರುವಾಯಿತು. 350ರ ದಶಕದ ಕೊನೆಯಲ್ಲಿ ಎರಡನೇ ಕಾನ್‌ಸ್ಟಾಂಟಿಯಸ್ ಅದನ್ನು ಪೌಂಡಿಗೆ 144ಕ್ಕೆ, ಅಂದರೆ 2.2 ಗ್ರಾಂ ಮಟ್ಟಕ್ಕೆ ಇಳಿಸಿದ. ಆಮೇಲಿನ ಚಕ್ರವರ್ತಿಗಳಾದ ಜೂಲಿಯನ್, ವೇಲೆನ್ಸ್, ಗ್ರೇಷಿಯನ್, ಥಿಯೊಡೋಸಿಯಸ್ ಇವರ ನಾಣ್ಯಗಳು 2 ಗ್ರಾಂನ ಆಚೀಚೆ. ಹೊನೋರಿಯಸ್ ಹೆಸರಿನಲ್ಲಿ ಮಿಲಾನ್ ಟಂಕಸಾಲೆಯಿಂದ ಬಂದವು 1.5 ಗ್ರಾಂಗೂ ಇಳಿಯುತ್ತವೆ.

ಈ ಇಳಿಕೆ ಮರೆತವರು ಎಡವುವುದು ಇಲ್ಲಿಯೇ. 1.4 ಗ್ರಾಂ ತೂಗಿದ ಮಾತ್ರಕ್ಕೆ ನಾಣ್ಯ ಕತ್ತರಿಗೆ ಸಿಕ್ಕಿದೆ ಎನ್ನುವಂತಿಲ್ಲ. ಹೊನೋರಿಯಸನದಾದರೆ ಅದು ಹುಟ್ಟಿನಿಂದಲೇ ಹಗುರ ಇರಬಹುದು. ವೇಲೆನ್ಸನದಾಗಿದ್ದು ಅಷ್ಟೇ ತೂಗಿದರೆ ಮೂರರಲ್ಲಿ ಒಂದು ಪಾಲು ಕಾಣೆಯಾಗಿದೆ ಎಂದು ಲೆಕ್ಕ. ಆದ್ದರಿಂದ ಮೊದಲು ಮುಖದ ಸುತ್ತಲಿನ ಬರಹ ಪೂರ್ತಿ ಇದೆಯೇ, ಬರಹದ ಹೊರಗೆ ಮುತ್ತಿನ ಸಾಲಿನಂಥ ಚುಕ್ಕಿಗಳ ಬಳೆ ಉಳಿದಿದೆಯೇ ನೋಡಬೇಕು. ತಕ್ಕಡಿ ಆಮೇಲೆ.

ಕತ್ತರಿಸಿದ ಅಂಚಿಗೆ ಅದರದೇ ಗುರುತುಗಳಿವೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ನಾಣ್ಯ ಕೈಬದಲಾಗಿ ಸವೆದಿದ್ದರೆ ಎತ್ತರದ ಭಾಗಗಳು ಮೊದಲು ಚಪ್ಪಟೆಯಾಗುತ್ತವೆ: ಚಕ್ರವರ್ತಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ತಲೆಪಟ್ಟಿಯ ಮುತ್ತುಗಳು. ಅಕ್ಷರಗಳು ಮಂಕಾದರೂ ಇದ್ದಲ್ಲೇ ಇರುತ್ತವೆ. ಕತ್ತರಿಸಿದ್ದರೆ ತಲೆಪಟ್ಟಿಯ ಮುತ್ತುಗಳನ್ನು ಒಂದೊಂದಾಗಿ ಎಣಿಸಬಹುದು, ಆದರೆ ಅಕ್ಷರಗಳು ಅರ್ಧಕ್ಕೆ ತುಂಡಾಗಿರುತ್ತವೆ ಅಥವಾ ಇರುವುದೇ ಇಲ್ಲ. ದುಂಡಗಿರಬೇಕಾದ ನಾಣ್ಯ ಎಂಟು ಹತ್ತು ಮೂಲೆಗಳ ಆಕಾರ ತಳೆದಿರುತ್ತದೆ. ಕತ್ತರಿಯ ಒಂದೊಂದು ಕಚ್ಚಿಗೂ ಒಂದೊಂದು ನೇರ ಗೆರೆ. ಬೆರಳ ತುದಿ ಸವರಿದರೆ ಒಂದು ಬದಿಯ ಅಂಚು ನುಣ್ಣಗೆ ಒಳಕ್ಕೆ ಜಾರಿದಂತೆ, ಇನ್ನೊಂದು ಬದಿಯಲ್ಲಿ ಸಣ್ಣ ತರಿ ಎದ್ದಂತೆ ತಿಳಿಯುತ್ತದೆ. ತಗಡು ಕತ್ತರಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಅಂಚು ಮುರಿದಿದ್ದರೆ ನೋಟ ಇನ್ನೊಂದು ಥರ: ಸಕ್ಕರೆಯ ಅಚ್ಚು ಮುರಿದಂತೆ ಹರಳುಹರಳಾದ ಬಾಯಿ. ಇತ್ತೀಚೆಗೆ ಯಾರೋ ಟ್ರಿಮ್ ಮಾಡಿದ್ದರೆ ಮೈಯೆಲ್ಲ ಕಪ್ಪಾಗಿದ್ದು ಅಂಚು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಹಳೆಯ ಕತ್ತರಿಗಾಯದ ಮೇಲೂ ಮೈಮೇಲಿನ ಕಪ್ಪೇ ಕೂತಿರಬೇಕು.

ತುಂಡಾದ ಅಕ್ಷರಗಳಿಂದ ಹೆಸರು ಓದುವ ಉಪಾಯವೂ ಇದೆ. ಈ ನಾಣ್ಯಗಳಲ್ಲಿ ಅಕ್ಷರಗಳ ಪಾದ ನಾಣ್ಯದ ನಡುವಿಗೆ, ತಲೆ ಹೊರಕ್ಕೆ. ಕತ್ತರಿ ಒಯ್ಯುವುದು ತಲೆಯನ್ನು, ಪಾದಗಳು ಉಳಿಯುತ್ತವೆ. ರೋಮನ್ ಲಿಪಿಯ ‘ಎ’, ‘ಎನ್’, ‘ಎಚ್’, ‘ಆರ್’ ಅಕ್ಷರಗಳಿಗೆ ಎರಡೆರಡು ಪಾದ. ‘ವಿ’, ‘ಐ’, ‘ಟಿ’, ‘ಪಿ’, ‘ಎಫ್’ಗಳಿಗೆ ಒಂದೇ. ‘ಎಲ್’ ಮತ್ತು ‘ಇ’ಗೆ ಅಡ್ಡಗೆರೆ, ‘ಒ’ ಮತ್ತು ‘ಎಸ್’ಗೆ ಬಾಗು. ಬರಹದ ಮೊದಲಿಗೆ ‘ಡಿ ಎನ್’, ಅಂದರೆ ‘ನಮ್ಮ ಒಡೆಯ’. ಕೊನೆಗೆ ‘ಪಿ ಎಫ್ ಎ ವಿ ಜಿ’, ಅಂದರೆ ‘ಧರ್ಮಿಷ್ಠ, ಭಾಗ್ಯಶಾಲಿ, ಆಗಸ್ಟಸ್’; ಆಗಸ್ಟಸ್ ಎಂಬುದು ಚಕ್ರವರ್ತಿಯ ಬಿರುದು. ಈ ಎರಡರ ನಡುವೆ ಒಂದು ಮೊನೆ, ಎರಡು ಪಾದ, ಎರಡು ಅಡ್ಡಗೆರೆ, ಮತ್ತೆ ಎರಡು ಪಾದ, ಒಂದು ಬಾಗು ಕಂಡರೆ ಅದು ವೇಲೆನ್ಸ್. ಎರಡು ಪಾದದಿಂದ ಶುರುವಾಗಿ ಬಾಗು, ಎರಡು ಪಾದ, ಬಾಗು ಎಂದು ಸಾಗಿದರೆ ಹೊನೋರಿಯಸ್. ಮುಖಚಹರೆ ಮಾತ್ರ ನೋಡಿ ವೇಲೆನ್ಸನನ್ನೂ ಅವನ ಅಣ್ಣ ವ್ಯಾಲೆಂಟಿನಿಯನ್‌ನನ್ನೂ ಬೇರೆ ಮಾಡಲಾಗದು. ಆ ಕಾಲದ ಟಂಕಸಾಲೆಗಳು ಕೆತ್ತಿದ್ದು ಹೆಚ್ಚಾಗಿ ಒಂದೇ ಸಿದ್ಧ ಮುಖವನ್ನು. ಮಾರುವವರು ಹೆಸರನ್ನು ಖಡಾಖಂಡಿತ ಹೇಳಿದರೆ ಯಾವ ಅಕ್ಷರದ ಆಧಾರದ ಮೇಲೆ ಎಂದು ಕೇಳಿ.

ಟಂಕಸಾಲೆಯ ಗುರುತು ಹಿಂಬದಿಯ ಕೆಳ ಅಂಚಿನಲ್ಲಿರುತ್ತದೆ. ‘ಟಿ ಆರ್ ಪಿ ಎಸ್’ ಎಂದರೆ ಟ್ರಿಯರ್, ‘ಎಂ ಡಿ ಪಿ ಎಸ್’ ಎಂದರೆ ಮಿಲಾನ್, ‘ಎ ಕ್ಯೂ ಪಿ ಎಸ್’ ಎಂದರೆ ಅಕ್ವಿಲೇಯ. ಕೊನೆಯ ‘ಪಿ ಎಸ್’ ಎಂಬುದು ಶುದ್ಧಗೊಳಿಸಿದ ಬೆಳ್ಳಿ ಎಂಬುದರ ಮುದ್ರೆ. ಕತ್ತರಿಗೆ ಮೊದಲು ಬಲಿಯಾಗುವುದೂ ಇದೇ. ಹಿಂಬದಿಯಲ್ಲಿ ಹೂಮಾಲೆಯ ನಡುವೆ ‘ವೋಟ್ ಹತ್ತು, ಮುಲ್ಟ್ ಇಪ್ಪತ್ತು’ ಎಂಬಂಥ ಹರಕೆಯ ಬರಹ ಇರುವ ನಾಣ್ಯಗಳಿಗೆ ಈ ನಷ್ಟ ಕಡಿಮೆ, ಬರಹ ನಟ್ಟನಡುವೆ ಇರುವುದರಿಂದ. ಹತ್ತು ವರ್ಷದ ಆಳ್ವಿಕೆಗೆ ಹೊತ್ತ ಹರಕೆ ತೀರಿತು, ಇಪ್ಪತ್ತಕ್ಕೆ ಮತ್ತೆ ಹೊತ್ತೆವು ಎಂಬುದು ಅದರ ಸಾರ. ಹತ್ತು ತುಂಬುವ ಮೊದಲೇ ಹಾಗೆ ಅಚ್ಚು ಹಾಕಿದ್ದುಂಟು. ಜೂಲಿಯನ್ ಆಗಸ್ಟಸ್ ಆಗಿ ಬದುಕಿದ್ದು ಮೂರು ವರ್ಷ, ಕೆಲವು ತಿಂಗಳು ಮಾತ್ರ. ಅವನ ನಾಣ್ಯದಲ್ಲೂ ಹತ್ತು ಇಪ್ಪತ್ತರ ಹರಕೆಯಿದೆ. ಹಾಗಾಗಿ ಅದನ್ನು ಆಳ್ವಿಕೆಯ ವರ್ಷ ಎಂದು ಓದಿ ಕಾಲ ಕಟ್ಟಬಾರದು.

ಕತ್ತರಿಸಿದ್ದು ಏಕೆ? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. 17 ಮಿಲಿಮೀಟರ್ ಅಗಲದ, 2 ಗ್ರಾಂನ ನಾಣ್ಯದಿಂದ ಸುತ್ತಲೂ ಬರೀ ಒಂದೂವರೆ ಮಿಲಿಮೀಟರ್ ತೆಗೆದರೆ ಅಗಲ 14 ಮಿಲಿಮೀಟರ್ ಉಳಿಯುತ್ತದೆ. ತೂಕ 1.36 ಗ್ರಾಂಗೆ ಬೀಳುತ್ತದೆ. ಕಣ್ಣಿಗೆ ಅಲ್ಪವಾಗಿ ಕಾಣುವ ಆ ಚೂರು ಮೂರನೇ ಒಂದು ಪಾಲಿನ ಬೆಳ್ಳಿ. ಮೂರು ನಾಣ್ಯ ಕತ್ತರಿಸಿದರೆ ನಾಲ್ಕನೆಯದಕ್ಕೆ ಸಾಕಾಗುವಷ್ಟು ಲೋಹ ಕೈಗೆ ಬಂತು, ಮೂರೂ ನಾಣ್ಯ ಚಲಾವಣೆಯಲ್ಲೇ ಉಳಿದವು.

ಲಂಡನ್ ಟಂಕಸಾಲೆ 325ರಲ್ಲಿ ಮುಚ್ಚಿತ್ತು. 380ರ ದಶಕದಲ್ಲಿ ಪಟ್ಟ ಕಸಿದುಕೊಂಡಿದ್ದ ಮ್ಯಾಗ್ನಸ್ ಮ್ಯಾಕ್ಸಿಮಸ್ ಕಾಲದಲ್ಲಿ ಅಲ್ಪಕಾಲ ತೆರೆದದ್ದು ಬಿಟ್ಟರೆ ಬ್ರಿಟನ್ನಿಗೆ ಬೆಳ್ಳಿ ಬರಬೇಕಾದದ್ದು ಕಡಲಾಚೆಯ ಟ್ರಿಯರ್, ಲಿಯಾನ್, ಆರ್ಲ್, ಮಿಲಾನ್‌ಗಳಿಂದ. 5ನೇ ಶತಮಾನದ ಮೊದಲ ದಶಕದಲ್ಲಿ ಆ ಹರಿವು ನಿಂತಿತು. ಇದ್ದ ಬೆಳ್ಳಿಯನ್ನೇ ಹಿಗ್ಗಿಸಿಕೊಂಡು ಬಾಳಬೇಕಾಯಿತು. 1992ರ ನವೆಂಬರಿನಲ್ಲಿ ಇಂಗ್ಲೆಂಡಿನ ಸಫೊಕ್‌ನ ಹಾಕ್ಸನ್ ಹಳ್ಳಿಯಲ್ಲಿ ಸಿಕ್ಕ ನಿಧಿ ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಅದರಲ್ಲಿ 14,865 ನಾಣ್ಯಗಳಿದ್ದವು: ಚಿನ್ನದ ಸಾಲಿಡಸ್ 569, ದೊಡ್ಡ ಬೆಳ್ಳಿ ನಾಣ್ಯ ಮಿಲಿಯರೆನ್ಸ್ 60, ಸಿಲಿಕ್ವಾ 14,212, ಕಂಚು 24. ಕೊನೆಯ ನಾಣ್ಯಗಳು 407–408ರವು. ಸಿಲಿಕ್ವಾಗಳಲ್ಲಿ ಬಹುಪಾಲು ಎಲ್ಲವೂ ಕತ್ತರಿ ಕಂಡಿವೆ, ಚಿನ್ನಕ್ಕೆ ಮಾತ್ರ ಕತ್ತರಿ ತಾಗಿಲ್ಲ. ಸಾಲಿಡಸ್‌ನ ಅಂಚು ಕತ್ತರಿಸಿದವನಿಗೆ ಮರಣದಂಡನೆ ಎಂದು ಕಾನ್‌ಸ್ಟಂಟೈನನ ಕಾಲದಲ್ಲೇ ಕಾನೂನಾಗಿತ್ತು. ಚಿನ್ನ ತೂಕದ ಮೇಲೆ ಕೈಬದಲಾಗುತ್ತಿತ್ತು, ಕತ್ತರಿಸಿದರೆ ತಕ್ಕಡಿಯೇ ಹೇಳುತ್ತಿತ್ತು. ಕತ್ತರಿ ಕಂಡ ಬೆಳ್ಳಿ ಅಷ್ಟೊಂದು ಸಂಖ್ಯೆಯಲ್ಲಿ ಚಲಾವಣೆಯಲ್ಲಿ ಉಳಿದದ್ದು ನೋಡಿದರೆ, ಅದನ್ನು ಎಣಿಸಿ ಕೊಡುತ್ತಿದ್ದರು ಎಂದೇ ನಾನು ತಿಳಿಯುತ್ತೇನೆ.

ಇಷ್ಟೆಲ್ಲ ಕತ್ತರಿಸಿದರೂ ಚಕ್ರವರ್ತಿಯ ಮುಖಕ್ಕೆ ಕತ್ತರಿ ತಾಗಿಸಿಲ್ಲ. ಮುಖ ಉಳಿದರೆ ಹಣ, ಮುಖ ಹೋದರೆ ಬರೀ ಬೆಳ್ಳಿ ಚೂರು ಎಂಬ ಗೆರೆಯೊಂದು ಅವರ ಮನಸ್ಸಿನಲ್ಲಿದ್ದಿರಬೇಕು. ಹಾಕ್ಸನ್ ನಿಧಿಯಲ್ಲೇ 428 ನಕಲುಗಳಿವೆ. ಅಂಚಿನ ಚೂರುಗಳನ್ನು ಕರಗಿಸಿ ಹೀಗೆ ನಕಲು ಅಚ್ಚು ಹಾಕಿದರು ಎಂಬ ವಾದಕ್ಕೆ ಬಲವಿದೆ. ಉತ್ತರ ಐರ್ಲೆಂಡಿನ ಕೋಲ್‌ರೇನ್ ಬಳಿ 1854ರಲ್ಲಿ ಸಿಕ್ಕ ನಿಧಿಯಲ್ಲಿ ಸಿಲಿಕ್ವಾಗಳ ಜೊತೆ ಬೆಳ್ಳಿ ಗಟ್ಟಿಗಳು, ತುಂಡರಿಸಿದ ಬೆಳ್ಳಿ ಪಾತ್ರೆಗಳೂ ಇದ್ದವು. ಅಲ್ಲಿ ನಾಣ್ಯವೂ ಚೂರೂ ಒಂದೇ ತಕ್ಕಡಿಗೆ ಬಿದ್ದಿವೆ. ‘ಅಂಚು ಸವೆದಿದೆ’ ಎಂದು ಬರೆದಾಗ ಈ ಇಡೀ ಕತೆ ಅಳಿಸಿಹೋಗುತ್ತದೆ ಎಂಬುದೇ ನನ್ನ ತಕರಾರು.

ನಕಲಿನ ಮಾತು ಬಂದದ್ದರಿಂದ ಪರೀಕ್ಷೆಯ ವಿಷಯ. ಆ ಕಾಲದವರೇ ಮಾಡಿದ ಮೋಸದಲ್ಲಿ ಒಳಗೆ ತಾಮ್ರ, ಮೇಲೆ ಬೆಳ್ಳಿಯ ತೆಳು ಹೊದಿಕೆ. ಅಂಚಿನಲ್ಲೋ ಮೂಗಿನ ತುದಿಯಲ್ಲೋ ಹಸಿರು ಕಿಲುಬು ಉಕ್ಕಿದ್ದರೆ ಸಂಶಯಪಡಿ. ಇಂದಿನ ಎರಕದ ನಕಲಿನಲ್ಲಿ ಅಕ್ಷರಗಳ ಬದಿ ಸಾಬೂನು ಕರಗಿದಂತೆ ದುಂಡಗೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಅಂಚಿನಲ್ಲಿ ಉಜ್ಜಿ ತೆಗೆದ ಜೋಡಿನ ಗೆರೆ. ಅಚ್ಚಿನಲ್ಲೇ ಒತ್ತಿದ ಇಂದಿನ ನಕಲು ಹಿಡಿಯುವುದು ಕಷ್ಟ. ಅಲ್ಲಿ ಸಹಾಯಕ್ಕೆ ಬರುವುದು ಹೋಲಿಕೆ: ಎರಡು ನಾಣ್ಯಗಳು ಒಂದೇ ಕಡೆಗೆ ಒಂದೇ ಅಳತೆಯಲ್ಲಿ ನಡು ತಪ್ಪಿದ್ದರೆ, ಒಂದೇ ಜಾಗದಲ್ಲಿ ಸೀಳಿದ್ದರೆ, ಅವು ಕೈಯಿಂದ ಒತ್ತಿದವಲ್ಲ.

ನೀರಿನಲ್ಲಿ ತೂಗಿ ಬೆಳ್ಳಿಯ ಶುದ್ಧತೆ ನೋಡುವ ವಿಧಾನವನ್ನು ಹಲವರು ನಂಬುತ್ತಾರೆ. ಇಷ್ಟು ಚಿಕ್ಕ ನಾಣ್ಯಕ್ಕೆ ಸಾಮಾನ್ಯ ತಕ್ಕಡಿ ಸಾಲದು. ನೂರಕ್ಕೆ 95 ಬೆಳ್ಳಿ, 5 ತಾಮ್ರ ಇರುವ ಲೋಹದ ಸಾಂದ್ರತೆ ಸುಮಾರು 10.4. 1.50 ಗ್ರಾಂ ನಾಣ್ಯವನ್ನು ದಾರದಲ್ಲಿ ಕಟ್ಟಿ, ತಕ್ಕಡಿಯ ಮೇಲಿಟ್ಟ ನೀರಿನ ಲೋಟದಲ್ಲಿ ತಳ ಮುಟ್ಟದಂತೆ ಇಳಿಬಿಟ್ಟರೆ ತೂಕ 0.144 ಗ್ರಾಂ ಏರಬೇಕು. 0.01 ಗ್ರಾಂವರೆಗೆ ಮಾತ್ರ ತೋರಿಸುವ ತಕ್ಕಡಿ 0.14 ಅಥವಾ 0.15 ಎನ್ನುತ್ತದೆ. ಮೊದಲನೆಯದರಿಂದ ಸಾಂದ್ರತೆ 10.7 ಬರುತ್ತದೆ, ಅದು ಶುದ್ಧ ಬೆಳ್ಳಿಯ 10.49ಕ್ಕಿಂತ ಹೆಚ್ಚು. ಎರಡನೆಯದರಿಂದ 10.0, ಅಂದರೆ ನೂರಕ್ಕೆ 71ರಷ್ಟೇ ಬೆಳ್ಳಿ. ಒಂದೇ ನಾಣ್ಯ, ಒಂದೇ ತಕ್ಕಡಿ, ಉತ್ತರ ಎರಡು ದಿಕ್ಕಿಗೆ. 0.001 ಗ್ರಾಂ ತೋರಿಸುವ ತಕ್ಕಡಿ ಬೇಕು, ನಾಣ್ಯಕ್ಕೆ ಅಂಟಿದ ಗಾಳಿಗುಳ್ಳೆ ತೆಗೆಯಬೇಕು, ಮೂರು ಸಲ ತೂಗಬೇಕು. ಅದೂ ಬಿರುಕಿಲ್ಲದ ನಾಣ್ಯವಾದರೆ ಮಾತ್ರ.

ಬಿರುಕು ಎಂದದ್ದಕ್ಕೆ ಕಾರಣವಿದೆ. 1600 ವರ್ಷ ಮಣ್ಣಿನಲ್ಲಿದ್ದ ಬೆಳ್ಳಿಯಲ್ಲಿ ಬೆರಕೆಯ ತಾಮ್ರ ಕಾಲಕ್ರಮೇಣ ಹರಳುಗಳ ಸಂದಿಗೆ ಬಂದು ಸೇರುತ್ತದೆ, ಸಂದಿಗಳು ಕೊರೆದುಹೋಗುತ್ತವೆ. ಮೇಲ್ನೋಟಕ್ಕೆ ಗಟ್ಟಿಯಾಗಿ ಕಂಡ ನಾಣ್ಯ ಕೈಜಾರಿ ಗ್ರಾನೈಟ್ ನೆಲದ ಮೇಲೆ ಬಿದ್ದರೆ ಹಪ್ಪಳದಂತೆ ಮುರಿಯುತ್ತದೆ. ಬಾಗಿದ್ದನ್ನು ನೇರ ಮಾಡಲು ಹೋದರೂ ಅಷ್ಟೇ. ನೋಡುವಾಗ ಮೇಜಿನ ಮೇಲೆ ಮಡಿಸಿದ ಬಟ್ಟೆ ಹಾಸಿ, ಅದರಿಂದ ಒಂದು ಗೇಣಿಗಿಂತ ಮೇಲೆ ಎತ್ತಬೇಡಿ.

ಹುಣಸೆಹಣ್ಣು, ನಿಂಬೆರಸ ಹತ್ತಿರ ತರಲೇಬೇಡಿ. ದೇವರ ಮನೆಯ ಹಿತ್ತಾಳೆ, ಬೆಳ್ಳಿಗೆ ಒಗ್ಗಿದ್ದು ಇದಕ್ಕೆ ಒಗ್ಗದು. ಹುಳಿ ಮೇಲ್ಮೈಯ ತಾಮ್ರವನ್ನು ಕರಗಿಸಿ ಒಯ್ಯುತ್ತದೆ, ಸ್ಪಂಜಿನಂಥ ಬಿಳಿ ಬೆಳ್ಳಿ ಉಳಿಯುತ್ತದೆ, ಹಳೆಯ ಕತ್ತರಿಗಾಯ ಹೊಸದರಂತೆ ಕಾಣುತ್ತದೆ. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡದ ಉಪಾಯ ಕಪ್ಪನ್ನು ತೆಗೆಯುವುದು ನಿಜ, ಆದರೆ ಬಿರುಕುಗಳನ್ನು ತುಂಬಿ ಹಿಡಿದಿದ್ದುದೂ ಅದರ ಜೊತೆ ಹೋಗುತ್ತದೆ. ಮಣ್ಣಿದ್ದರೆ ಬಟ್ಟಿ ಇಳಿಸಿದ ನೀರಿನಲ್ಲಿ ಒಂದೆರಡು ದಿನ ನೆನೆಸಿ, ನೀರು ಬದಲಿಸಿ, ಅಷ್ಟೇ. ಪ್ಲಾಸ್ಟಿಕ್ ಲಕೋಟೆಯ ಜಿಡ್ಡು ಹತ್ತಿದ್ದರೆ ಶುದ್ಧ ಅಸಿಟೋನ್ ಗಾಜಿನ ಬಟ್ಟಲಲ್ಲಿ ಹದಿನೈದು ನಿಮಿಷ, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಎಣ್ಣೆ, ಸುಗಂಧ ಬೆರೆತಿರುತ್ತದೆ. ಒರೆಸದೆ ಒತ್ತಿ ಒಣಗಿಸಿ.

ಇದಕ್ಕಿಂತ ಚಿಕ್ಕ ನಾಣ್ಯಗಳು 5ನೇ ಶತಮಾನದ ಕೊನೆಯವು ಮತ್ತು 6ನೇ ಶತಮಾನದವು. ಉತ್ತರ ಆಫ್ರಿಕಾದ ಕಾರ್ತೇಜಿನ ವಾಂಡಲ್ ಅರಸರಾದ ಗುಂಥಮುಂಡ್, ಥ್ರಸಮುಂಡ್, ಗೆಲಿಮರ್ ಬೆಳ್ಳಿಯಲ್ಲಿ 50 ದಿನಾರಿ (ಆಗ ದಿನಾರಿ ಬರೀ ಲೆಕ್ಕದ ಹೆಸರು) ಮುಂತಾದ ಬೆಲೆಯನ್ನು ಲ್ಯಾಟಿನ್ ಅಂಕಿಯಲ್ಲಿ ಕೆತ್ತಿಸಿದರು. ಇಟಲಿಯಲ್ಲಿ ಗಾತ್ ಅರಸ ಥಿಯೊಡೊರಿಕ್ ಮುಂಬದಿಯಲ್ಲಿ ಚಕ್ರವರ್ತಿ ಅನಸ್ತಾಸಿಯಸನ ಮುಖವಿಟ್ಟು ಹಿಂಬದಿಯಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಹೆಣೆದ ಗುರುತು ಹಾಕಿಸಿದ. ಕಾಲು ಸಿಲಿಕ್ವಾ ಎನ್ನುವ ಇವು ಒಂದು ಗ್ರಾಂ ಕೂಡ ತೂಗುವುದಿಲ್ಲ. 540ರಲ್ಲಿ ಇಟಲಿಯ ರವೆನ್ನ ನಗರ ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಕೈಸೇರಿದ ಮೇಲೆ ಅಲ್ಲಿ ಬಂದ ಬೆಳ್ಳಿಯಲ್ಲಿ ಬೆಲೆಯನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದಾರೆ. ಲ್ಯಾಟಿನ್ ‘ಸಿ ಎನ್’ ಎಂದು ಕಾಣುವುದು ಸಿಗ್ಮ ಮತ್ತು ನು: 200 ಮತ್ತು 50, ಒಟ್ಟು 250 ನುಮ್ಮಿ, ಅಂದರೆ ಆ ಕಾಲದ ಅತಿ ಚಿಕ್ಕ ನಾಣ್ಯಗಳ ಲೆಕ್ಕ. ‘ಪಿ ಕೆ’ ಎಂದು ಕಾಣುವುದು ರೋ ಮತ್ತು ಕಪ್ಪ: 120. ಕೊನೆಗೆ ‘ಇ’ಯಂಥ ಎಪ್ಸಿಲಾನ್ ಸೇರಿದರೆ 125. ‘ಸಿ’ಯನ್ನು ಲ್ಯಾಟಿನ್ನಿನ ನೂರು ಎಂದು ಓದಿ ಕಾರ್ತೇಜಿಗೆ ಕಳಿಸುವ ತಪ್ಪು ಮಾರಾಟದ ಪಟ್ಟಿಗಳಲ್ಲಿ ಸುಲಭವಾಗಿ ನುಸುಳುತ್ತದೆ.

ಕರ್ನಾಟಕದ ಮಣ್ಣಿನಿಂದ ಇಂಥ ಬೆಳ್ಳಿ ಬಂದಿದೆ ಎಂದು ಯಾರಾದರೂ ಮಾರಲು ಬಂದರೆ ಎಚ್ಚರವಿರಲಿ. 1891ರಲ್ಲಿ ಯಶವಂತಪುರದಲ್ಲಿ ಸಿಕ್ಕವು ನಿಜಕ್ಕೂ ದಿನಾರಿಯಸ್‌ಗಳು, ಮೊದಲ ಶತಮಾನದ ಚಕ್ರವರ್ತಿಗಳವು. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನಿಧಿಯಲ್ಲಿ ಎರಡನೇ ಥಿಯೊಡೋಸಿಯಸ್‌ನಿಂದ ಒಂದನೇ ಜಸ್ಟಿನ್‌ವರೆಗಿನ ನಾಣ್ಯಗಳಿದ್ದರೂ ಅವು ಚಿನ್ನದ ಸಾಲಿಡಸ್. ಸಿಲಿಕ್ವಾ ಕಾಲದ ಬೆಳ್ಳಿ ಭಾರತದಲ್ಲಿ ಅತಿ ವಿರಳ. ನೆಲದಲ್ಲಿ ನಿಧಿ ಸಿಕ್ಕರೆ ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಬ್ರಿಟನ್ನಿನಲ್ಲಿರುವ ಕನ್ನಡಿಗರು ಹಾಕ್ಸನ್ ನಿಧಿಯನ್ನು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲೇ ನೋಡಬಹುದು. ಆಗ ಮುಖಕ್ಕಿಂತ ಮೊದಲು ಅಂಚು ನೋಡಿ.

ಚಿತ್ರ ಪ್ರಕಟಿಸುವಾಗ ನಾಣ್ಯದ ಎರಡೂ ಬದಿ, ಜೊತೆಗೆ ಅಂಚಿನದೊಂದು ಚಿತ್ರ, 0.01 ಗ್ರಾಂವರೆಗಿನ ತೂಕ, ಮಿಲಿಮೀಟರಿನಲ್ಲಿ ಅತಿ ಅಗಲ ಮತ್ತು ಅತಿ ಕಿರಿದು ಎರಡೂ ಅಳತೆ ಕೊಡಬೇಕೆಂದು ಕೋರುತ್ತೇನೆ. ದೀಪ ಎಡಮೇಲಿನಿಂದ ಓರೆಯಾಗಿ ಬೀಳಲಿ, ಫ್ಲ್ಯಾಷ್ ಬೇಡ. ಮನೆಯಲ್ಲಿ ಇಟ್ಟುಕೊಂಡವರು ಪಿವಿಸಿ ಲಕೋಟೆ, ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ಬಿಟ್ಟು ಆಮ್ಲವಿಲ್ಲದ ಕಾಗದದ ಪೊಟ್ಟಣ ಬಳಸಲಿ. ಕರಾವಳಿಯವರು ಡಬ್ಬಿಯಲ್ಲಿ ತೇವ ಹೀರಿದಾಗ ಬಣ್ಣ ಬದಲಿಸುವ ಸಿಲಿಕಾ ಜೆಲ್ ಇಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಬಣ್ಣ ಬದಲಾಗಿದೆಯೇ ಎಂದು ವಾರಕ್ಕೊಮ್ಮೆ ನೋಡುತ್ತಿರಲಿ.

ಇಂತಿ,
ನಾಣ್ಯಾಭ್ಯಾಸಿ ಓದುಗ
ಧಾರವಾಡ